ನಳರಾಜನ ಹಿಂದೆ ಐದು ಊರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ಹೆಸರುಗಳನ್ನು ದೂರದ ಊರಿನ ಓದುಗರು ಒಟ್ಟಿಗೆ ಕಂಡಿದ್ದರೆ ಬಹುಶಃ ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲೇ ಇರಬೇಕು. ಹಂಪಿ ನೋಡಲು ಬಂದವರು ಹೊಸಪೇಟೆಯಿಂದಲೇ ಬಸ್ಸು ಹತ್ತಿ ಹಿಂತಿರುಗುತ್ತಾರೆ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆಯ ಜೊತೆಗೆ ಈ ಐದೂ ತಾಲ್ಲೂಕುಗಳು ಒಂದೇ ಸೂರಿನಡಿ ಬಂದವು. ಹರಪನಹಳ್ಳಿಯದು ಮಾತ್ರ ಸ್ವಲ್ಪ ತಿರುಗಾಟದ ಜಾತಕ. 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಹೋಯಿತು, ಎರಡು ದಶಕದ ಮೇಲೆ ಬಳ್ಳಾರಿಗೆ ವಾಪಸು ಬಂತು, ಆಮೇಲೆ ವಿಜಯನಗರಕ್ಕೆ ಸೇರಿತು. ಅಲ್ಲಿನ ಹಿರಿಯರು ಅರ್ಜಿಯಲ್ಲಿ ಜಿಲ್ಲೆಯ ಹೆಸರು ಬರೆಯುವಾಗ ಈಗಲೂ ಒಂದು ಕ್ಷಣ ಪೆನ್ನು ನಿಲ್ಲಿಸುತ್ತಾರೆ.

ಈ ಐದು ಊರುಗಳನ್ನು 2025ರ ಸಂಕ್ರಾಂತಿಯ ನಂತರದ ಐದು ಭಾನುವಾರಗಳಲ್ಲಿ ನಾನು ಸುತ್ತಿದೆ. ಜೊತೆಗೆ ಇಪ್ಪತ್ತೆರಡು ಮಕ್ಕಳು, ಬಿಡುವಾದಂತೆ ಬಂದು ಹೋದ ತಂದೆತಾಯಿಗಳು, ಇಬ್ಬರು ಅಜ್ಜಿಯರು, ನಮ್ಮ ಶಾಲೆಯ ಕನ್ನಡ ಮೇಡಂ ಮತ್ತು ರಟ್ಟು ಕಿತ್ತುಹೋದ ಒಂದು ಪುಸ್ತಕ.

ನಾನು ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನು. ಕಥೆ, ಹಾಡು ನನ್ನ ಖಾತೆಯಲ್ಲ. ಇದೆಲ್ಲ ಶುರುವಾದದ್ದು ಅಂದಾಜು ಮಾಡುವ ಪಾಠದಿಂದ. ಒಂಬತ್ತನೇ ತರಗತಿಯ ಕಿಟಕಿಯಿಂದ ಹುಣಸೆ ಮರ ತೋರಿಸಿ, ‘ಇದರಲ್ಲಿ ಎಷ್ಟು ಕಾಯಿ ಇರಬಹುದು?’ ಎಂದು ಕೇಳಿದೆ. ‘ಹೆಂಗ ಎಣಸೋದು ಸರ್, ಕತ್ತಲಾಕ್ಕತಿ’ ಎಂದ ಒಬ್ಬ. ಎಲ್ಲರೂ ನಕ್ಕರು. ಆಗ ನನಗೆ ನಮ್ಮ ಅವ್ವ ಹೇಳುತ್ತಿದ್ದ ಕಥೆ ನೆನಪಾಯಿತು. ಓಡುವ ರಥದಲ್ಲಿ ಕೂತೇ ಮರದ ಎಲೆಗಳನ್ನು, ಕಾಯಿಗಳನ್ನು ಲೆಕ್ಕ ಹೇಳಿದ ಒಬ್ಬ ರಾಜನ ಕಥೆ ಅದು.

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಚಿಕ್ಕವನಿದ್ದಾಗ, ಅಂದರೆ ಎಪ್ಪತ್ತರ ದಶಕದಲ್ಲಿ, ಆಕೆ ಊರಿನ ಒಂದು ದೊಡ್ಡ ಮನೆಗೆ ಶೇಂಗಾ ಸುಲಿಯುವ ಕೂಲಿಗೆ ಹೋಗುತ್ತಿದ್ದಳು. ಆ ಮನೆಯ ಹೆಂಗಸರು ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತ ಹಾಡುತ್ತಿದ್ದರು. ಅವ್ವ ಕಟ್ಟೆಯ ಕೆಳಗೆ, ಬೇವಿನ ನೆರಳಿನಲ್ಲಿ ಶೇಂಗಾದ ರಾಶಿಯ ಮುಂದೆ ಕೂತು ಕೇಳುತ್ತಿದ್ದಳು. ಮೇಲೆ ಹತ್ತುವ ರೂಢಿ ಇರಲಿಲ್ಲ. ಕೇಳಬೇಡವೆಂದು ಯಾರೂ ಹೇಳಲೂ ಇಲ್ಲ. ರಾತ್ರಿ ರೊಟ್ಟಿ ಬಡಿಯುವಾಗ ಅದು ನಮಗೆ ಕಥೆಯಾಗಿ ಬರುತ್ತಿತ್ತು. ನಳರಾಜ, ದಮಯಂತಿ, ಮಾತಾಡುವ ಹಂಸ, ಸುಡುವ ಕಾಡಿನ ಹಾವು. ಹಾಡು ಆಕೆಯ ಬಾಯಲ್ಲಿ ಮಾತಾಗಿತ್ತು. ತಿರುವು ಬಂದಾಗ ಮಾತ್ರ ಒಂದು ಧಾಟಿಯನ್ನು ಗುನುಗಿ, ರೊಟ್ಟಿ ತಿರುವಿ ಹಾಕಿ, ಮತ್ತೆ ಮುಂದುವರಿಸುತ್ತಿದ್ದಳು. ನಾನು ಬಿಎಸ್ಸಿ ಓದಿದೆ, ಬಿಎಡ್ ಮಾಡಿದೆ, ಊರೂರು ತಿರುಗಿ ಪಾಠ ಮಾಡಿದೆ. ಅವ್ವನ ಕಥೆಯನ್ನು ಒಂದು ದಿನ ಕೂತು ಬರೆದುಕೊಳ್ಳಲಿಲ್ಲ. ಆಕೆ ತೀರಿಕೊಂಡು ಒಂಬತ್ತು ವರ್ಷವಾಯಿತು.

ಶಿಕ್ಷಕರ ಕೊಠಡಿಯಲ್ಲಿ ಇದನ್ನು ಹೇಳಿದಾಗ ಕನ್ನಡ ಮೇಡಂ, ‘ಸರ್, ಅದು ಭೀಮವ್ವನವರ ನಳಚರಿತ್ರೆ ಇರಬೇಕು’ ಎಂದರು. ಮರುದಿನ ಅವರ ತಾಯಿಯ ಕಾಲದ ಹಾಡಿನ ಪುಸ್ತಕ ತಂದುಕೊಟ್ಟರು.

ಹರಪನಹಳ್ಳಿ ಭೀಮವ್ವನವರ ಹೆಸರನ್ನು ಮಕ್ಕಳು ಪಠ್ಯದಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ಕನಕದಾಸರ ನಳಚರಿತ್ರೆ ಗೊತ್ತು, ಅದು ಭಾಮಿನಿ ಷಟ್ಪದಿಯ ಕಾವ್ಯ. ಭೀಮವ್ವ 19ನೇ ಶತಮಾನದವರು. 1823ರ ಸುಮಾರಿಗೆ ನಾರಾಯಣದೇವರಕೆರೆಯಲ್ಲಿ ಹುಟ್ಟಿ, ಎಳೆಯ ವಯಸ್ಸಿಗೇ ಮದುವೆಯಾಗಿ ಹರಪನಹಳ್ಳಿ ಸೇರಿದವರು. ಆಗ ಬಳ್ಳಾರಿ ಸೀಮೆ ಮದ್ರಾಸ್ ಆಧಿಪತ್ಯದಲ್ಲಿತ್ತು. ಹಳ್ಳಿಯ ಹೆಣ್ಣುಮಕ್ಕಳಿಗೆ ಶಾಲೆ ಎಂಬುದು ಕೇಳರಿಯದ ಮಾತು. ಅಂಥ ಕಾಲದಲ್ಲಿ ಈಕೆ ‘ಭೀಮೇಶಕೃಷ್ಣ’ ಎಂಬ ಅಂಕಿತದಲ್ಲಿ ಕೀರ್ತನೆಗಳನ್ನಷ್ಟೇ ಅಲ್ಲ, ನಳಚರಿತ್ರೆ, ಸುಧಾಮ ಚರಿತ್ರೆ, ಮುಯ್ಯದ ಹಾಡು ಮುಂತಾದ ಉದ್ದುದ್ದ ಕಥನಗಳನ್ನು ಕಟ್ಟಿದರು. ಹೆಂಗಸರು ಕೂಡಿ ಕೂತು ಹಾಡಲಿಕ್ಕೆ ಒದಗಿದ ರಚನೆಗಳು ಇವು. ಇವರಿಗಿಂತ ಮೊದಲು, ಮಲೇಬೆನ್ನೂರಿನ ಕಡೆಯ ಹೆಳವನಕಟ್ಟೆ ಗಿರಿಯಮ್ಮ ‘ಚಂದ್ರಹಾಸನ ಕಥೆ’ಯನ್ನು ಹಾಗೆಯೇ ಹೆಂಗಸರ ಹಾಡಾಗಿಸಿದ್ದರು. ಹರಪನಹಳ್ಳಿಗೆ ಮಲೇಬೆನ್ನೂರು ತೀರ ದೂರವೇನಲ್ಲ. ಒಂದೇ ಕೆಂಪು ನೆಲ.

ಕಥೆಯನ್ನು ಐದು ತುಂಡು ಮಾಡಿದೆವು. ತಾಲ್ಲೂಕು ಐದು, ಭಾನುವಾರ ಐದು. ಮಕ್ಕಳ ನೆಂಟರು ಇಲ್ಲದ ಊರು ಇವುಗಳಲ್ಲಿ ಯಾವುದೂ ಇರಲಿಲ್ಲ, ಹಾಗಾಗಿ ಕೂರುವುದಕ್ಕೆ ಜಾಗ, ಕುಡಿಯುವುದಕ್ಕೆ ನೀರಿನ ಚಿಂತೆ ಇರಲಿಲ್ಲ. ಹಾಡಿನ ಪುಸ್ತಕದ ಜೊತೆ ಮಹಾಭಾರತದ ವನಪರ್ವದ ಒಂದು ಗದ್ಯಾನುವಾದವನ್ನೂ ಇಟ್ಟುಕೊಂಡೆ. ಒಬ್ಬೊಬ್ಬರು ಐದೈದು ಸಾಲು ಓದಬೇಕು, ಕೇಳುತ್ತಿರುವ ಯಾರು ಬೇಕಾದರೂ ನಡುವೆ ತಡೆದು ಕೇಳಬಹುದು ಎಂಬುದಷ್ಟೇ ನಿಯಮ. ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ, ತಾಯಂದಿರಿಗೆ ಟಿಕೆಟ್ ಇಲ್ಲ, ಶಕ್ತಿ ಯೋಜನೆ 2023ರಿಂದ ಇದೆಯಲ್ಲ. ನಾನೂ ಹುಡುಗರೂ ದುಡ್ಡು ಕೊಟ್ಟು ನಿಂತುಕೊಂಡೇ ಹೋದೆವು.

ಮೊದಲ ಓದು ಹಗರಿಬೊಮ್ಮನಹಳ್ಳಿಯ ಕಡೆ. ಭೀಮವ್ವ ಹುಟ್ಟಿದ ಊರನ್ನು ಮೊದಲು ನೋಡೋಣವೆಂದು ಹುಡುಗರು ಹಟ ಹಿಡಿದರು. ಅವರನ್ನು ಹೊಸಪೇಟೆ ದಾರಿಯ ಮರಿಯಮ್ಮನಹಳ್ಳಿಯ ಹತ್ತಿರ ತುಂಗಭದ್ರಾ ಹಿನ್ನೀರಿನ ದಂಡೆಗೆ ಕರೆದೊಯ್ದು, ನೀರನ್ನು ತೋರಿಸಿ, ‘ಇದೇ’ ಎಂದೆ. 1953ರಲ್ಲಿ ಜಲಾಶಯದಲ್ಲಿ ನೀರು ನಿಂತಾಗ ಮುಳುಗಿದ ಊರುಗಳಲ್ಲಿ ನಾರಾಯಣದೇವರಕೆರೆಯೂ ಒಂದು. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಹಳೆಯ ತಲೆಗಳು ಇವತ್ತಿಗೂ ‘ನಮ್ಮೂರು ನೀರಾಗೈತಿ’ ಎನ್ನುತ್ತಾರೆ. ಮರಿಯಮ್ಮನಹಳ್ಳಿ ಈಗ ರಂಗಭೂಮಿಗೆ, ಜೋಗತಿ ನೃತ್ಯಕ್ಕೆ ಹೆಸರಾದ ಊರು. 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಹೆಸರಿನೊಂದಿಗೆ ಬೆಸೆದುಕೊಂಡ ಊರೂ ಹೌದು.

ದಂಡೆಯ ಮೇಲೆ ಜಮಖಾನ ಹಾಸಿ ಓದು ಶುರುವಾಯಿತು. ಹಂಸವು ನಳನ ಸುದ್ದಿಯನ್ನು ದಮಯಂತಿಗೆ ಮುಟ್ಟಿಸುವ ಭಾಗ. ನಾಲ್ಕನೆಯವನು ಓದುತ್ತಿದ್ದಾಗ ನೀರಿನಾಚೆಯಿಂದ ಒಂದು ಹಿಂಡು ಗದ್ದಲ ಮಾಡುತ್ತ ಬಂದು ಇಳಿಯಿತು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಗೀರು. ಪಟ್ಟೆತಲೆ ಹೆಬ್ಬಾತುಗಳು. ಪುಸ್ತಕ ಅಲ್ಲೇ ಉಳಿಯಿತು, ಮಕ್ಕಳೆಲ್ಲ ಎದ್ದರು. ನನಗೆ ಖುಷಿಯೇ ಆಯಿತು, ಇದು ನನ್ನ ಖಾತೆ. ಈ ಹಕ್ಕಿಗಳು ಮರಿ ಮಾಡುವುದು ಟಿಬೆಟ್, ಮಂಗೋಲಿಯಾದ ಎತ್ತರದ ಸರೋವರಗಳ ಬಳಿ. ಚಳಿಗಾಲಕ್ಕೆ ಹಿಮಾಲಯ ದಾಟಿ ನಮ್ಮ ಕಡೆ ಬರುತ್ತವೆ. ಹಾರುವಾಗ 7000 ಮೀಟರಿಗಿಂತ ಮೇಲೇರಿದ್ದೂ ದಾಖಲಾಗಿದೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು. ಇವುಗಳ ರಕ್ತದ ಹಿಮೋಗ್ಲೋಬಿನ್ ಬೇರೆ ಬಾತುಗಳದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿಯುತ್ತದೆ, ಅದರಿಂದ ದಮ್ಮು ಕಟ್ಟುವುದಿಲ್ಲ. ‘ಹಂಗಾರ ನಳನ ಹಂಸ ಇದೇನಾ ಸರ್?’ ಎಂದು ಒಬ್ಬಳು ಕೇಳಿದಳು. ಹಳೆಯ ಸಂಸ್ಕೃತದ ಹಂಸ ಬಿಳಿಯ ರಾಜಹಂಸವಲ್ಲ, ಈ ಹೆಬ್ಬಾತೇ ಇರಬಹುದೆಂದು ಹೇಳುವ ವಿದ್ವಾಂಸರಿದ್ದಾರೆ ಎಂದೆ. ‘ಸುದ್ದಿ ಹೇಳಾಕ ಇದೇ ಬೇಷು ಸರ್, ದೂರದಿಂದ ಬರತೈತಿ’ ಎಂದಳು.

ವಾಪಸು ಬರುವಾಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೂ ಹೋದೆವು. ನೀರಿನಲ್ಲೇ ನಿಂತ ಜಾಲಿ ಮರಗಳ ತುಂಬ ಹಕ್ಕಿ. 2024ರಲ್ಲಿ ಇದಕ್ಕೆ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಅಂದರೆ ಜಗತ್ತೇ ಮನ್ನಿಸಿದ ಜೌಗು ತಾಣ. ಹಂಪಿಗೆ ಬರುವ ಓದುಗರು ಚಳಿಗಾಲದಲ್ಲಿ ಒಂದು ಬೆಳಗನ್ನು ಇಲ್ಲಿಗೆ ಮೀಸಲಿಟ್ಟರೆ ನಷ್ಟವಾಗಲಾರದು.

ಎರಡನೆಯ ಭಾನುವಾರ ಹೂವಿನ ಹಡಗಲಿ. ಇಲ್ಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ವಿಜಯನಗರದ ಕಾಲದಲ್ಲಿ ಇಲ್ಲಿಂದ ಹೊಳೆಯ ಮೇಲೆ ಹಡಗಿನಲ್ಲಿ ಹೂವು ಹಂಪಿಗೆ ಹೋಗುತ್ತಿತ್ತು, ಅದಕ್ಕೇ ಈ ಹೆಸರು ಎನ್ನುತ್ತಾರೆ ಊರವರು. ಒಬ್ಬ ಹುಡುಗನ ಚಿಕ್ಕಮ್ಮನ ಮನೆಯಂಗಳದಲ್ಲಿ ಕೂತೆವು. ಆಕೆ, ಆಕೆಯ ಅತ್ತೆ, ನೆರೆಮನೆಯ ಇಬ್ಬರು ಹೂವು ಕಟ್ಟುತ್ತಲೇ ಕೇಳಿದರು.

ಸ್ವಯಂವರದ ಭಾಗ ಇಲ್ಲಿಗೆ ಬಂದದ್ದು ಯೋಗಾಯೋಗ. ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ವೇಷ ಹಾಕಿ ಕೂತಿದ್ದಾರೆ. ಐದು ಜನ ನಳರು. ದಮಯಂತಿ ಮಾಲೆ ಹಾಕುವುದು ಯಾರಿಗೆ? ಓದು ನಿಲ್ಲಿಸಿ ಮಕ್ಕಳನ್ನೇ ಕೇಳಿದೆ. ‘ಹೆಸರು ಕೂಗಿದರೆ ತಿರುಗಿ ನೋಡ್ತಾನ’ ಎಂದ ಒಬ್ಬ. ‘ಐದೂ ಮಂದಿ ತಿರುಗತಾರ ಬಿಡಲೇ’ ಎಂದ ಇನ್ನೊಬ್ಬ. ಆಮೇಲೆ ವನಪರ್ವದ ಸಾಲುಗಳನ್ನು ಓದಿಸಿದೆ. ದೇವತೆಗಳಿಗೆ ಬೆವರಿಲ್ಲ, ಕಣ್ಣು ಮಿಟುಕಿಲ್ಲ, ಮೈಗೆ ಧೂಳು ಹತ್ತಿಲ್ಲ, ಕಾಲು ನೆಲಕ್ಕೆ ತಾಗಿಲ್ಲ, ಕೊರಳ ಮಾಲೆ ಬಾಡಿಲ್ಲ. ಒಬ್ಬನಿಗೆ ಮಾತ್ರ ನೆರಳಿದೆ, ಬೆವರಿದೆ, ಅವನ ಹೂವು ಬಾಡಿದೆ. ಹೂವು ಕಟ್ಟುತ್ತಿದ್ದ ಅತ್ತೆ ತಲೆ ಎತ್ತದೆಯೇ, ‘ನಸುಕಿನಾಗ ಬಿಡಿಸಿದ ಹೂವು ಮಧ್ಯಾಹ್ನಕ್ಕ ಬಾಡಲಿಲ್ಲ ಅಂದ್ರ ಅದು ಹೂವಲ್ಲ ಬಿಡ್ರಿ, ಪ್ಲಾಸ್ಟಿಕ್ಕು’ ಎಂದರು. ಹುಡುಗಿಯರು ನಕ್ಕು ಸುಸ್ತಾದರು. ಗಮನಿಸುವುದು, ಹೋಲಿಸುವುದು, ತೀರ್ಮಾನಕ್ಕೆ ಬರುವುದು ಎಂದು ನಾನು ಕಪ್ಪು ಹಲಗೆಯ ಮೇಲೆ ಪ್ರತಿವರ್ಷ ಬರೆಯುತ್ತೇನೆ. ದಮಯಂತಿಯ ಉದಾಹರಣೆ ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಆಗ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಜಾತ್ರೆಯ ತಯಾರಿ ನಡೆದಿತ್ತು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಪ್ಪ ಬಿಲ್ಲು ಏರಿ ನುಡಿಯುವ ಕಾರ್ಣಿಕ ಒಂದೇ ಒಂದು ವಾಕ್ಯ. ಅದನ್ನು ಕೇಳುವುದಕ್ಕೆ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ, ಸಂಜೆಯೊಳಗೆ ಅದು ಬಾಯಿಂದ ಬಾಯಿಗೆ ಹಳ್ಳಿ ಹಳ್ಳಿ ಮುಟ್ಟುತ್ತದೆ. ಈಗ ಮೊಬೈಲಿನಲ್ಲಿ ಇನ್ನೂ ಬೇಗ ಮುಟ್ಟುತ್ತದೆ, ಅರ್ಥ ಮಾತ್ರ ಮೊದಲಿನ ಹಾಗೆಯೇ ಒಬ್ಬೊಬ್ಬರಿಗೆ ಒಂದೊಂದು.

ಕೊಟ್ಟೂರಿನಲ್ಲಿ ಓದು ಕೆಟ್ಟಿತು. ತಪ್ಪು ನನ್ನದೇ. ಗುರು ಕೊಟ್ಟೂರೇಶ್ವರರ ರಥೋತ್ಸವ ಹತ್ತಿರ ಬಂದಿತ್ತು. ಊರಿಗೆ ಬರುವ ದಾರಿಗಳಲ್ಲೆಲ್ಲ ಪಾದಯಾತ್ರೆಯ ಜನ, ಅವರಿಗೆ ದಾಸೋಹ ಮಾಡುವವರ ಪೆಂಡಾಲು, ಧ್ವನಿವರ್ಧಕ. ಮಠದಿಂದ ಸಾಕಷ್ಟು ದೂರ ಕೂತರೂ ಓದಿದ ಒಂದು ಮಾತೂ ಕೇಳಿಸಲಿಲ್ಲ. ಮಕ್ಕಳ ಕಣ್ಣು ಆಟದ ಸಾಮಾನಿನ ಅಂಗಡಿಗಳ ಮೇಲೆ. ಪಗಡೆಯಲ್ಲಿ ನಳ ಕೋಶ, ರಾಜ್ಯ ಎಲ್ಲವನ್ನೂ ಸೋಲುವ ಎರಡು ಪುಟ ಓದುವಷ್ಟರಲ್ಲಿ ಸಾಕಾಯಿತು. ಒಬ್ಬ ತಂದೆ ಮಾತ್ರ ಗಮನವಿಟ್ಟು ಕೇಳುತ್ತಿದ್ದರು. ‘ಇದು ಈಗ ಮೊಬೈಲ್‌ನಾಗ ಐತ್ರಿ ಸರ್. ನಮ್ಮ ಓಣಿಯಾಗ ಒಬ್ಬ ಮೆಕ್ಕೆಜೋಳದ ದುಡ್ಡು ಅಷ್ಟೂ ಕ್ರಿಕೆಟ್ ಬಾಜಿಗೆ ಹಾಕಿದ’ ಎಂದರು. ಪುಸ್ತಕ ಮುಚ್ಚಿ ಎಲ್ಲರೂ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಹೋದೆವು. ಕೊಟ್ಟೂರಿಗೆ ಹೋಗಿ ಮಂಡಕ್ಕಿ ತಿನ್ನದೆ ಬಂದವನ ಮಾತು ಈ ಕಡೆ ಯಾರೂ ನಂಬುವುದಿಲ್ಲ.

ಅಲ್ಲಿ ಆ ಹುಡುಗಿ ಬಂದಳು. ಮೂರನೇ ಬೆಂಚಿನವಳು, ಹೆಚ್ಚು ಮಾತಿಲ್ಲ. ಮಂಡಕ್ಕಿಯ ಪೊಟ್ಟಣ ಕೈಯಲ್ಲೇ ಇತ್ತು. ಎಲ್ಲ ಸೋಲುವುದು ಖಚಿತವಾದಾಗ ದಮಯಂತಿ ತನ್ನ ಇಬ್ಬರು ಮಕ್ಕಳನ್ನು ಸಾರಥಿಯ ಜೊತೆ ರಥದಲ್ಲಿ ಕೂರಿಸಿ ಕುಂಡಿನಪುರದ ತವರಿಗೆ ಕಳಿಸಿಬಿಡುತ್ತಾಳೆ. ಆಮೇಲೆ ಗಂಡಹೆಂಡತಿ ಉಟ್ಟ ಬಟ್ಟೆಯಲ್ಲಿ ಊರು ಬಿಡುತ್ತಾರೆ. ಆ ಗದ್ದಲದಲ್ಲೂ ಅವಳಿಗೆ ಅಷ್ಟು ಕೇಳಿಸಿತ್ತು.

‘ಸರ್, ಆ ಮಕ್ಕಳಿಗೆ ಅಪ್ಪ ಅವ್ವ ಯಾವಾಗ ವಾಪಸ್ ಬರ್ತಾರ ಅಂತ ಹೇಳಿ ಕಳಿಸಿದ್ರಾ?’

ಪುಸ್ತಕದಲ್ಲಿ ಇಲ್ಲ ಎಂದೆ.

ದೂರದ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮ ತಾಲ್ಲೂಕುಗಳಲ್ಲಿ ಸುಗ್ಗಿ ಮುಗಿದ ಮೇಲೆ ಮನೆಗಳಿಗೆ ಬೀಗ ಬೀಳುತ್ತದೆ. ಕಬ್ಬು ಕಡಿಯಲು ಮಂಡ್ಯದ ಕಡೆ, ಕಾಫಿ ತೋಟಕ್ಕೆ ಚಿಕ್ಕಮಗಳೂರಿನ ಕಡೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಜನ ಗುಳೆ ಹೋಗುತ್ತಾರೆ. ಮಕ್ಕಳು ಒಂದೋ ಜೊತೆಗೆ ಹೋಗುತ್ತಾರೆ, ಇಲ್ಲವೇ ಅಜ್ಜಿಯ ಹತ್ತಿರ ಉಳಿಯುತ್ತಾರೆ. ಹಾಜರಿ ಪುಸ್ತಕ ನೋಡಿದರೆ ಜನವರಿಯ ಪುಟದಿಂದ ಗೆರೆಗಳು ಶುರುವಾಗುತ್ತವೆ. ಆ ಹುಡುಗಿ ಅಜ್ಜಿಯ ಹತ್ತಿರ ಉಳಿದವಳು. ತಂದೆತಾಯಿ ಬೆಂಗಳೂರಿನಲ್ಲಿ. ಅವಳಿಗೊಬ್ಬ ಒಂದು ವರ್ಷದ ತಮ್ಮ. ಅವನನ್ನು ಕೆಲಸದ ಜಾಗದಲ್ಲಿ ನೋಡಿಕೊಳ್ಳುವವರಿಲ್ಲ, ಅದಕ್ಕೆ ಈ ಸಲ ಜಾತ್ರೆಗೆ ಬಂದಾಗ ತಾಯಿ ಅವಳನ್ನು ಕರೆದುಕೊಂಡು ಹೋಗುತ್ತಾಳೆ ಎಂದು ಅಜ್ಜಿ ನನಗೆ ಆಗಲೇ ಹೇಳಿದ್ದರು. ‘ಓದಿದ್ದು ಸಾಕಲ್ರಿ ಯಪ್ಪಾ, ಒಂಬತ್ತನೇತ್ತ ಆತು’ ಎಂದೂ ಹೇಳಿದ್ದರು.

ನಾಲ್ಕನೆಯ ಭಾನುವಾರ ಕೂಡ್ಲಿಗಿ. ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕವಿರುವ ಊರು. ತಾಲ್ಲೂಕಿನ ಗುಡೇಕೋಟೆಯ ಬಂಡೆಗುಡ್ಡಗಳಲ್ಲಿ ಕರಡಿಧಾಮವಿದೆ. ಆದರೆ ನನಗೆ ಕೂಡ್ಲಿಗಿ ಎಂದರೆ ಹುಣಸೆ ಮರ. ಫೆಬ್ರವರಿ ಹಣ್ಣು ಉದುರಿಸುವ ಕಾಲ. ಊರ ಹೊರಗಿನ ತೋಟದ ಹುಣಸೆ ನಮ್ಮ ಒಬ್ಬ ವಿದ್ಯಾರ್ಥಿಯ ತಂದೆಯ ಗುತ್ತಿಗೆಯಲ್ಲಿತ್ತು. ಆ ಮರಗಳ ಕೆಳಗೆ ಕೂತೆವು. ಅಜ್ಜಿಯ ಜೊತೆ ಆ ಹುಡುಗಿಯ ತಾಯಿಯೂ ಬಂದಿದ್ದಳು, ಕಂಕುಳಲ್ಲಿ ಕೂಸು.

ಕಾಡಿನಲ್ಲಿ ನಳ ಮಲಗಿದ್ದ ದಮಯಂತಿಯನ್ನು ಬಿಟ್ಟು ಹೋಗುತ್ತಾನೆ. ಕಾರ್ಕೋಟಕ ಕಚ್ಚಿ ರೂಪ ಬದಲಾಗುತ್ತದೆ. ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಸಾರಥಿಯಾಗುತ್ತಾನೆ. ದಮಯಂತಿಗೆ ಮತ್ತೆ ಸ್ವಯಂವರವೆಂಬ ಸುದ್ದಿ ಕೇಳಿ ಋತುಪರ್ಣ ಹೊರಡುತ್ತಾನೆ. ರಥ ಗಾಳಿಯಂತೆ ಓಡುತ್ತಿದೆ. ದಾರಿಯಲ್ಲಿ ಒಂದು ಮರ. ರಾಜ ಅದನ್ನು ನೋಡಿ, ಕೆಳಗೆ ಬಿದ್ದ ಎಲೆ ಕಾಯಿಗಳು ಮರದಲ್ಲಿ ಇರುವವಕ್ಕಿಂತ ನೂರೊಂದು ಹೆಚ್ಚು, ಎರಡು ಕೊಂಬೆಗಳಲ್ಲಿ 5 ಕೋಟಿ ಎಲೆ, 2095 ಕಾಯಿ ಎನ್ನುತ್ತಾನೆ. ಬಾಹುಕ ನಂಬುವುದಿಲ್ಲ. ರಥ ನಿಲ್ಲಿಸಿ, ಮರ ಕಡಿದು ಎಣಿಸುತ್ತಾನೆ. ಲೆಕ್ಕ ಸರಿ. ಆಮೇಲೆ ರಾಜ ಅವನಿಗೆ ಪಗಡೆಯ ರಹಸ್ಯ ಹೇಳಿಕೊಡುತ್ತಾನೆ, ಬಾಹುಕ ಕುದುರೆಯ ವಿದ್ಯೆ ಕೊಡಲು ಒಪ್ಪುತ್ತಾನೆ. ಪಗಡೆ ತಿಳಿದ ಗಳಿಗೆಗೆ ಕಲಿ ಅವನ ಮೈಬಿಟ್ಟು ಆ ಮರದಲ್ಲಿ ಸೇರಿಕೊಳ್ಳುತ್ತಾನೆ. ವನಪರ್ವದಲ್ಲಿ ಅದು ತಾರೆ ಮರ. ಹಿಂದೆ ಅದರ ಕಾಯಿಯನ್ನೇ ಜೂಜಿಗೆ ಬಳಸುತ್ತಿದ್ದರು. ನಮ್ಮ ಅವ್ವನ ಕಥೆಯಲ್ಲಿ ಹುಣಸೆ ಮರವಾಗಿತ್ತು. ಆಕೆ ಕಂಡ ದೊಡ್ಡ ಮರ ಅದೇ.

ಇಯಾನ್ ಹ್ಯಾಕಿಂಗ್ ಎಂಬ ಕೆನಡಾದ ವಿದ್ವಾಂಸ ಸಂಭವನೀಯತೆಯ ಇತಿಹಾಸ ಬರೆಯುತ್ತ 1975ರ ತನ್ನ ಪುಸ್ತಕದಲ್ಲಿ ಈ ಪ್ರಸಂಗವನ್ನು ಎತ್ತಿಕೊಂಡಿದ್ದಾನೆ. ಜೂಜಿನ ವಿದ್ಯೆಗೂ ಕೆಲವು ಕೊಂಬೆ ನೋಡಿ ಇಡೀ ಮರವನ್ನು ಅಂದಾಜಿಸುವ ವಿದ್ಯೆಗೂ ನಂಟಿದೆ ಎಂದು ಆ ಕಾಲದವರಿಗೆ ಹೊಳೆದಿತ್ತಲ್ಲ ಎಂಬುದು ಅವನ ಬೆರಗು.

ನಾವೂ ಋತುಪರ್ಣರಾದೆವು. ಮರದಲ್ಲಿ 24 ಕೊಂಬೆ. ಮೂರನ್ನು ಆರಿಸಿ ಕಾಯಿ ಎಣಿಸಿದರು. 410, 655, 540. ಸರಾಸರಿ 535. ಇಡೀ ಮರಕ್ಕೆ 12,840. ಹತ್ತು ಕಾಯಿ ತೂಗಿದಾಗ 160 ಗ್ರಾಂ ಬಂತು. ಹಾಗಾದರೆ ಮರದಲ್ಲಿ ಸುಮಾರು 205 ಕಿಲೋ. ಹಲಗೆ ಇರಲಿಲ್ಲ, ನೆಲದ ಮೇಲೆ ಕಡ್ಡಿಯಿಂದ ಬರೆದರು. ಅಷ್ಟರಲ್ಲಿ ಗುತ್ತಿಗೆಯ ತಂದೆ ಮರವನ್ನು ಒಂದು ಸುತ್ತು ಹಾಕಿ, ತಲೆ ಎತ್ತಿ ನೋಡಿ, ‘ಎರಡು ಕ್ವಿಂಟಲ್ ಸರ್’ ಎಂದರು. ಎಣಿಸಲಿಲ್ಲ, ಬರೆಯಲಿಲ್ಲ. ಆ ವಾರ ಬಡಿದು ತೂಗಿದಾಗ 187 ಕಿಲೋ ಆಯಿತು. ನಮ್ಮ ಲೆಕ್ಕ 18 ಕಿಲೋ ಹೆಚ್ಚು, ಅವರದು 13. ಸೋಮವಾರ ತರಗತಿಯಲ್ಲಿ ಚರ್ಚೆ. ನಾವು ಎಲ್ಲಿ ತಪ್ಪಿದೆವು? ಮೂರನೇ ಬೆಂಚಿನವಳೇ ಹೇಳಿದಳು. ‘ಕೈಗೆ ಎಟುಕೋ ಕೊಂಬಿ ಎಣಿಸಿದ್ವಿ ಸರ್. ಅವು ಬಿಸಲ ಕಡೀವು, ಕಾಯಿ ಜಾಸ್ತಿ.’ ಮಾದರಿ ಆರಿಸುವಾಗಿನ ದೋಷವೆಂದು ನಾವು ಕಾಲೇಜಿನಲ್ಲಿ ಓದಿದ್ದು ಇದನ್ನೇ.

ಕೂಡ್ಲಿಗಿಯಲ್ಲಿ ಆ ತಾಯಿ ಒಂದು ಮಾತೂ ಆಡಲಿಲ್ಲ. ನಳ ಮಲಗಿದವಳನ್ನು ಬಿಟ್ಟು ಹೋಗುವ ಕಡೆ ಮಾತ್ರ ಕೂಸನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದಳು.

ಕೊನೆಯ ಓದಿಗೆ ಹರಪನಹಳ್ಳಿ. ಕೆಲವರು ಕೊಟ್ಟೂರಿನಿಂದ ರೈಲಿನಲ್ಲಿ ಹೋಗೋಣವೆಂದರು. ಹೊಸಪೇಟೆ–ಕೊಟ್ಟೂರು ಹಳಿ ಬ್ರಿಟಿಷರ ಕಾಲದ್ದು. ಅದನ್ನು ಹರಪನಹಳ್ಳಿಯ ಮೇಲೆ ಹರಿಹರದವರೆಗೆ ಬೆಳೆಸಿ, 2019ರಲ್ಲಿ ಪ್ರಯಾಣಿಕರ ರೈಲು ಓಡಿಸಿದರು. ನಮ್ಮ ವೇಳೆಗೂ ರೈಲಿನ ವೇಳೆಗೂ ಹೊಂದಲಿಲ್ಲ. ಬಸ್ಸೇ ಗತಿಯಾಯಿತು. ಬಾಗಳಿಯ ಕಲ್ಲೇಶ್ವರ ದೇವಾಲಯವನ್ನು ಬಿಟ್ಟು ಬಂದದ್ದಕ್ಕೆ ಇತಿಹಾಸದ ಮೇಷ್ಟ್ರು ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಕನ್ನಡ ಮೇಡಂ ತಮ್ಮ ಪರಿಚಯದ ಒಬ್ಬ ಹಿರಿಯರ ಮನೆಗೆ ಕರೆದೊಯ್ದರು. ಎಂಬತ್ತು ದಾಟಿದ ಅಜ್ಜಿ. ಭೀಮವ್ವನವರ ಹಾಡುಗಳನ್ನು ತಮ್ಮ ಅತ್ತೆಯಿಂದ ಕಲಿತವರು. ನಾವು ಕಟ್ಟೆಯ ಕೆಳಗೆ ಅಂಗಳದಲ್ಲೇ ಜಮಖಾನ ಹಾಸುತ್ತಿದ್ದೆವು. ಅವರು ಬಾಗಿಲಿಗೆ ಬಂದು, ‘ಅಲ್ಯಾಕ ಕೂತೀರಿ? ಬಿಸಲು. ಒಳಗ ಬರ್ರಿ’ ಎಂದರು. ಪಡಸಾಲೆಯ ಹೊರಗೆ ಚಪ್ಪಲಿಗಳ ರಾಶಿ ಬಿತ್ತು. ಹುಡುಗಿಯ ಅಜ್ಜಿ ಹೊಸ್ತಿಲ ಹತ್ತಿರವೇ ಗೋಡೆಗೆ ಒರಗಿ ಕೂತರು. ಮನೆಯ ಅಜ್ಜಿ ನಿಧಾನವಾಗಿ ಎದ್ದು ಬಂದು, ‘ನನಗ ಕಿವಿ ಮಂದ ನಮ್ಮವ್ವ, ಹತ್ತಿರ ಬಂದು ಕೂಡು’ ಎಂದು ಕೈಹಿಡಿದು ತಮ್ಮ ಚಾಪೆಗೆ ಕರೆದೊಯ್ದರು.

ಅವರಿಗೆ ಪುಸ್ತಕ ಬೇಕಿರಲಿಲ್ಲ. ಮಕ್ಕಳು ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಹಿಂಬಾಲಿಸಿದರು. ಕೆಲವು ಕಡೆ ಅವರ ಮಾತು ಬೇರೆ, ಅಚ್ಚಿನ ಮಾತು ಬೇರೆ. ‘ಯಾವುದು ಸರಿ ಅಜ್ಜಿ?’ ಎಂದು ಒಬ್ಬ ಕೇಳಿದ. ‘ನಮ್ಮತ್ತಿ ಹಿಂಗ ಹಾಡತಿದ್ರು’ ಎಂದರು. ನಾನು ಮಾತು ಕೇಳುತ್ತಿರಲಿಲ್ಲ. ಮೊಣಕಾಲ ಮೇಲೆ ಬೆರಳು ತಟ್ಟುತ್ತ ಅವರು ಹಾಡು ಎತ್ತಿಕೊಂಡ ಆ ಧಾಟಿ ಅವ್ವ ರೊಟ್ಟಿ ತಿರುವಿ ಹಾಕುವಾಗ ಗುನುಗುತ್ತಿದ್ದುದು. ಅದೇ ಏರು, ಕೊನೆಯಲ್ಲಿ ಅದೇ ಇಳಿತ. ಕನ್ನಡ ಮೇಡಂ ಮೊಬೈಲಿನಲ್ಲಿ ದಾಖಲಿಸಿಕೊಳ್ಳುತ್ತಿದ್ದರು. ನನ್ನ ಕೈಯಲ್ಲೂ ಮೊಬೈಲು ಇತ್ತು, ಒತ್ತುವುದು ಮರೆತೆ.

ಹಾಡು ನಿಂತ ಮೇಲೆ ಉಳಿದ ಭಾಗವನ್ನು ವನಪರ್ವದಿಂದ ಓದಿದೆವು. ಕುಂಡಿನಪುರಕ್ಕೆ ಬಂದ ಕುರೂಪಿ ಸಾರಥಿ ನಳನೇ ಇರಬಹುದೆಂದು ದಮಯಂತಿಗೆ ಅನುಮಾನ. ಇಲ್ಲಿಯೂ ಆಕೆಯದು ಪರೀಕ್ಷೆಯ ದಾರಿಯೇ. ಅವನು ಮಾಡಿದ ಅಡುಗೆಯನ್ನು ತರಿಸಿ ರುಚಿ ನೋಡುತ್ತಾಳೆ. ಕೊನೆಗೆ ಕೇಶಿನಿಯೆಂಬ ಸಖಿಯ ಜೊತೆ ಇಬ್ಬರು ಮಕ್ಕಳನ್ನು ಅವನ ಬಳಿಗೆ ಕಳಿಸುತ್ತಾಳೆ. ಸಾರಥಿ ಮಕ್ಕಳನ್ನು ಕಂಡವನೇ ಓಡಿಬಂದು ಎತ್ತಿಕೊಂಡು ಅಳುತ್ತಾನೆ. ಆಮೇಲೆ ಕೇಶಿನಿಯ ಕಡೆ ನೋಡಿ, ನನಗೂ ಇಂಥವೇ ಎರಡು ಮಕ್ಕಳಿವೆ, ಅದಕ್ಕೆ ಅಳು ಬಂತು ಎಂದು ಸುಳ್ಳು ಹೇಳುತ್ತಾನೆ. ಅಷ್ಟನ್ನು ಓದುವ ಸರದಿ ಮೂರನೇ ಬೆಂಚಿನವಳದಾಗಿತ್ತು. ನಾನು ಹಾಗೆ ಮಾಡಿದ್ದಲ್ಲ, ಕೂತ ಸಾಲಿನ ಪ್ರಕಾರ ಬಂತು. ಎಲ್ಲೂ ತಡೆಯದೆ ಓದಿ ಪಕ್ಕದವಳಿಗೆ ಪುಸ್ತಕ ಕೊಟ್ಟಳು.

ಸಂಜೆ ಹರಪನಹಳ್ಳಿ ಬಸ್ ನಿಲ್ದಾಣ. ನಮ್ಮೂರ ಬಸ್ಸು ಒಂದು ಕಡೆ, ಬೆಂಗಳೂರಿನ ರಾತ್ರಿ ಬಸ್ಸಿಗೆ ಕಾಯುವವರು ಇನ್ನೊಂದು ಕಡೆ. ಹುಡುಗಿಯ ತಾಯಿಯ ಹತ್ತಿರ ಎರಡು ಚೀಲ ಇದ್ದವು. ಒಂದರಲ್ಲಿ ಮಗಳ ಬಟ್ಟೆ ಇದ್ದದ್ದು ಮೇಲಿನಿಂದಲೇ ಕಾಣುತ್ತಿತ್ತು. ಅಜ್ಜಿ ಕೂಸನ್ನು ಎತ್ತಿಕೊಂಡು ಆಡಿಸುತ್ತಿದ್ದರು. ಆಕೆ ನನ್ನ ಹತ್ತಿರ ಬಂದು, ನೆಲ ನೋಡುತ್ತ ಕೇಳಿದಳು.

‘ಸರ್, ಒಂಬತ್ತನೇತ್ತಿನ ಪರೀಕ್ಷಿ ಯಾವಾಗ ಮುಗೀತಾವ್ರಿ?’

‘ಮಾರ್ಚ್ ಕೊನೇ ಹೊತ್ತಿಗಮ್ಮ. ಇನ್ನೊಂದು ಐದು ವಾರ.’

‘ಐದು ವಾರ’ ಎಂದಳು. ಅಜ್ಜಿಯ ಕಂಕುಳಲ್ಲಿದ್ದ ಕೂಸನ್ನು ನೋಡಿದಳು, ಮಗಳನ್ನು ನೋಡಿದಳು. ಮಗಳು ಗೆಳತಿಯರ ಜೊತೆ ನಿಲ್ದಾಣದ ಬೇವಿನ ಮರದ ಕೆಳಗೆ ನಿಂತು ಕೊಂಬೆ ಎಣಿಸುತ್ತಿದ್ದಳು. ನಮ್ಮ ಬಸ್ಸು ಬಂತು. ನಾನು ಮಕ್ಕಳನ್ನು ಹತ್ತಿಸುವ ಗಡಿಬಿಡಿಯಲ್ಲಿ ಬಿದ್ದೆ. ಹಿಂತಿರುಗಿ ನೋಡಿದಾಗ ಆ ತಾಯಿ ಒಂದು ಚೀಲವನ್ನು ಅಜ್ಜಿಯ ಕಾಲ ಬಳಿ ಇಟ್ಟು, ಕೂಸನ್ನು ಇಸಿದುಕೊಂಡು, ಬೆರಳು ಮಡಿಚುತ್ತ ವಾರಗಳನ್ನು ಎಣಿಸುತ್ತಿದ್ದಳು.